ಪಟದಲ್ಲಿರುವವರು ಪಟವನ್ನು ಕಂಡರೇ?



ಮುಂದಕ್ಕೆ ಓದುವ ಮೊದಲು ತಾವು ಕುಳಿತಿರುವ ಕೋಣೆಯ ಗೋಡೆಯನ್ನು ಒಮ್ಮೆ ನೋಡಬೇಕೆಂದು ನನ್ನ ವಿನಂತಿ. ಮದುವೆಯ ಪಟವೊಂದಿರಬಹುದು. ಮಕ್ಕಳ ಪ್ರಥಮ ಪರಮಪ್ರಸಾದದ ಪಟ, ತೀರಿಕೊಂಡ ಹಿರಿಯರ ಹಾರ ಹಾಕಿದ ಪಟಗಳೂ ಇರಬಹುದು. ಅವುಗಳಲ್ಲಿ ಎಲ್ಲರೂ ನೆಟ್ಟಗೆ ನಿಂತಿರುತ್ತಾರೆ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟಿರುತ್ತಾರೆ. ನಮ್ಮ ಅಜ್ಜಿಯಂದಿರು ಬಾಳಿನ ಬಹುಭಾಗವನ್ನು ಹತ್ತಿಯ ಹೊಲದಲ್ಲಿ, ಮೆಣಸಿನಕಾಯಿಯ ಕಣದಲ್ಲಿ, ಬತ್ತದ ಗದ್ದೆಯ ಕೆಸರಿನಲ್ಲಿ ಬಾಗಿಯೇ ಕಳೆದರು. ಹಾಗೆ ಬಾಗಿ ದುಡಿಯುತ್ತಿರುವ ಒಂದೇ ಒಂದು ಪಟ ನಮ್ಮ ಮನೆಗಳ ಗೋಡೆಯ ಮೇಲೆ ಇದೆಯೇ? ಕಳೆದ ಬೇಸಿಗೆಯಲ್ಲಿ ಕೊಳಗಲ್ಲಿನ ಒಂದು ಮನೆಯಲ್ಲಿ ಕುಳಿತು ಗೋಡೆ ನೋಡುತ್ತಿದ್ದಾಗ ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಆ ಮನೆಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ದುಡಿಯುವವರ ಪಟವನ್ನು ಯಾರು ತೆಗೆದರು, ಯಾರಿಗಾಗಿ ತೆಗೆದರು, ಯಾರ ಹಣದಿಂದ ತೆಗೆದರು ಎಂದು ಹುಡುಕುತ್ತ ಹೋದರೆ ಯಾವ ಪತ್ರಿಕಾಲಯದ ಸಂಬಳಕ್ಕೂ ಕಟ್ಟುಬೀಳದ ಕೆಲವು ಪತ್ರಕರ್ತರ ಬಾಳು ನಮ್ಮೆದುರಿಗೆ ಬಂದು ನಿಲ್ಲುತ್ತದೆ. ‘ಫ್ರೀಲಾನ್ಸ್’ ಎಂದು ಕರೆಯಲ್ಪಡುವ ಈ ಸ್ವತಂತ್ರ ಪತ್ರಕರ್ತರಲ್ಲಿ ಕೆಲವರು ವರದಿ ಬರೆದು ಸುಮ್ಮನಾಗಲಿಲ್ಲ. ಚಿತ್ರಗಳನ್ನು ಒಟ್ಟುಗೂಡಿಸಿ ಪ್ರದರ್ಶನಗಳನ್ನು ಕಟ್ಟಿದರು. ಅಂಥ ಇಬ್ಬರ ಕೃತಿಗಳನ್ನು ಇಲ್ಲಿ ಅಕ್ಕಪಕ್ಕದಲ್ಲಿಟ್ಟು ತೂಗಿ ನೋಡುವ ಪ್ರಯತ್ನ ಮಾಡಿದ್ದೇನೆ. ಒಬ್ಬರು ಮೈಸೂರಿನ ಟಿ. ಎಸ್. ಸತ್ಯನ್, ಇನ್ನೊಬ್ಬರು ಪಿ. ಸಾಯಿನಾಥ್.

ಅದಕ್ಕೆ ಮೊದಲು ನಮ್ಮ ಸೀಮೆಯ ಹಳೆಯ ಕಥೆಯನ್ನು ಸ್ವಲ್ಪ ನೆನೆಯಬೇಕು. ಪತ್ರಿಕೆ ಎಂಬುದು ಬಳ್ಳಾರಿಗೆ ಹೊಸದಲ್ಲ. ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ ಒಂದರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಮರುವರ್ಷವೇ ‘ಕನ್ನಡ ಸಮಾಚಾರ’ವೆಂಬ ಹೆಸರು ತೊಟ್ಟು ಬಳ್ಳಾರಿಯಲ್ಲಿ ಅಚ್ಚಾಯಿತು. ಕ್ಯಾಮರಾ ಬಂದದ್ದು ಕೂಡ ತಡವಾಗಿಯೇನಲ್ಲ. 1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಕಂಬಗಳನ್ನೂ ಗೋಪುರಗಳನ್ನೂ ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದಿಟ್ಟ. ಕಲ್ಲಿನ ರಥಕ್ಕೆ ದೊರೆತ ಆ ಗಮನ ಸುತ್ತಲ ಹಳ್ಳಿಗಳ ಜನಕ್ಕೆ ದೊರೆಯಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಹಾಗೆ ದೊರೆತ ಗಮನವಾದರೂ ಎಂಥದು? 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮದ್ರಾಸ್ ಪ್ರಾಂತದ ಅತ್ಯಂತ ಪೀಡಿತ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದಾಗಿತ್ತು. ಆ ಕ್ಷಾಮದ ದಿನಗಳಲ್ಲಿ ಹೂಪರ್ ಎಂಬ ಇನ್ನೊಬ್ಬ ಸೇನಾಧಿಕಾರಿ ಮದ್ರಾಸ್ ಪ್ರಾಂತದ ಹಸಿದವರನ್ನು ಸಾಲಾಗಿ ಕೂರಿಸಿ ನಿಲ್ಲಿಸಿ ಪಟ ತೆಗೆದ. ಎಲುಬುಗಳನ್ನು ಎಣಿಸಬಹುದಾದಂಥ ಚಿತ್ರಗಳವು. ಪಟ ತೆಗೆದ ಮೇಲೆ ಆ ಜನಕ್ಕೆ ಆತ ಏನು ಕೊಟ್ಟ ಎಂಬ ಆಕ್ಷೇಪದ ಪ್ರಶ್ನೆ ಅವನ ಹೆಸರಿನೊಡನೆ ಇಂದಿಗೂ ಅಂಟಿಕೊಂಡೇ ಇದೆ. ಆ ಚಿತ್ರಗಳನ್ನು ನೋಡಿದವರು ದೂರದವರು. ಚಿತ್ರದಲ್ಲಿದ್ದವರಿಗೆ ಅದನ್ನು ನೋಡುವ ಭಾಗ್ಯ ಒದಗಿರಲಾರದು.

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಸತ್ಯನ್ನರ ಚಿತ್ರಗಳ ಮುಂದೆ ನಿಂತರೆ ಮೊದಲು ಅನುಭವವಾಗುವುದು ಒಂದು ಬಗೆಯ ಸಮಾಧಾನ. 1923ರ ಡಿಸೆಂಬರ್ 18ರಂದು ಮೈಸೂರಿನಲ್ಲಿ ಹುಟ್ಟಿ, ಅದೇ ಊರಿನ ಮಹಾರಾಜ ಕಾಲೇಜಿನಲ್ಲಿ ಓದಿದ ಇವರು 1948ರಲ್ಲಿ, ಬೆಂಗಳೂರಿನಲ್ಲಿ ಆಗತಾನೆ ಆರಂಭವಾಗಿದ್ದ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯ ಛಾಯಾಗ್ರಾಹಕರಾದರು. ಅಲ್ಲಿಂದ ‘ಇಲಸ್ಟ್ರೇಟೆಡ್ ವೀಕ್ಲಿ’ಗೆ ಹೋದರು. ಬಳಿಕ ನೌಕರಿಯ ನೆರಳನ್ನು ಬಿಟ್ಟು ಸ್ವತಂತ್ರವಾಗಿ ದುಡಿಯಲು ಹೊರಟರು. ಪತ್ರಿಕೆಗಳಲ್ಲಿ ಪಟ ತೆಗೆಯುವವನಿಗೆ ಬರೆಯುವವನಷ್ಟು ಮರ್ಯಾದೆ ಇಲ್ಲದ ಕಾಲವದು. ತಿಂಗಳ ಸಂಬಳವಿಲ್ಲದೆ, ಚಿತ್ರ ಅಚ್ಚಾದರೆ ಮಾತ್ರ ಹಣವೆಂಬ ಕರಾರಿನಲ್ಲಿ ಸಂಸಾರ ನಡೆಸುವುದೆಂದರೆ ಮಳೆಯನ್ನು ನಂಬಿ ಬಿತ್ತುವ ನಮ್ಮ ಒಣಬೇಸಾಯಗಾರನ ಪಾಡಿಗಿಂತ ಬೇರೆಯೇನಲ್ಲ. ಬಸ್ಸಿನ ಚಾರ್ಜು, ಫಿಲ್ಮು, ರಾಸಾಯನಿಕ, ಅಂಚೆಯ ಖರ್ಚು ಎಲ್ಲವೂ ಮೊದಲೇ ಕೈಯಿಂದ ಹೋಗುತ್ತವೆ. ಫಸಲು ಬಂದರೆ ಬಂತು.

ಅಂಥ ಬಾಳಿನಲ್ಲಿ ಅವರು ಲೈಫ್, ಟೈಮ್, ನ್ಯೂಸ್‌ವೀಕ್‌ನಂಥ ಹೊರದೇಶದ ಪತ್ರಿಕೆಗಳ ಪುಟಗಳನ್ನು ತಲುಪಿದರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸವನ್ನು ಚಿತ್ರಿಸಿದರು, ಯುನಿಸೆಫ್‌ಗಾಗಿ ಮಕ್ಕಳನ್ನು ಚಿತ್ರಿಸಿದರು. 1979ನ್ನು ಅಂತರರಾಷ್ಟ್ರೀಯ ಮಕ್ಕಳ ವರ್ಷವೆಂದು ಆಚರಿಸಿದಾಗ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. 1977ರಲ್ಲಿ ಪದ್ಮಶ್ರೀ ಬಂತು. ಹಂಪಿಯನ್ನು ಕುರಿತೂ ಒಂದು ಚಿತ್ರಗ್ರಂಥ ತಂದರು. 2005ರಲ್ಲಿ ‘ಅಲೈವ್ ಅಂಡ್ ಕ್ಲಿಕಿಂಗ್’ ಎಂಬ ನೆನಪುಗಳ ಪುಸ್ತಕವನ್ನು ಇಂಗ್ಲಿಷಿನಲ್ಲಿ ಹೊರತಂದರು. ಕನ್ನಡದಲ್ಲಿ ಬರೆದ ‘ಕಾಲಕ್ಕೆ ಕನ್ನಡಿ’ಯನ್ನು ತಮ್ಮಲ್ಲಿ ಕೆಲವರು ಓದಿರಬಹುದು. 2009ರ ಡಿಸೆಂಬರ್ 13ರಂದು ಮೈಸೂರಿನಲ್ಲೇ ತೀರಿಕೊಂಡರು.

ಸತ್ಯನ್ನರ ಹಿರಿಮೆ ಎಲ್ಲಿದೆ? ಅವರ ಕಪ್ಪುಬಿಳುಪಿನ ಚಿತ್ರಗಳಲ್ಲಿ ಬೆಳಕು ಕಿಟಕಿಯಿಂದಲೋ ಬಾಗಿಲಿನಿಂದಲೋ ತಾನಾಗಿ ಬಂದ ಬೆಳಕು. ಬಡವರ ಮನೆಯ ಮಗು ಅಲ್ಲಿ ಮಗುವಾಗಿಯೇ ಇರುತ್ತದೆ, ಬಡತನದ ಉದಾಹರಣೆಯಾಗಿ ಇರುವುದಿಲ್ಲ. ಬೀದಿಯಲ್ಲಿ ಆಡುವವರು, ಶಾಲೆಯಲ್ಲಿ ತೂಕಡಿಸುವವರು, ಮಗುವಿನ ತಲೆ ಬಾಚುವ ತಾಯಿ, ಸಂತೆಯ ಹಾದಿಯಲ್ಲಿ ನಡೆಯುವವರು ಕ್ಯಾಮರಾಕ್ಕೆ ಹೆದರಿದವರಂತೆ ಕಾಣುವುದಿಲ್ಲ. ಹೂಪರ್‌ನ ಚಿತ್ರಗಳಲ್ಲಿ ಜನ ನಮ್ಮನ್ನು ದಿಟ್ಟಿಸುವಾಗ ನಾವು ಕಣ್ಣು ತಗ್ಗಿಸುತ್ತೇವೆ. ಸತ್ಯನ್ನರ ಚಿತ್ರಗಳಲ್ಲಿ ನಾವು ಅವರ ಪಕ್ಕದಲ್ಲೇ ಜಗುಲಿಯ ಮೇಲೆ ಕುಳಿತಂತಾಗುತ್ತದೆ. ಇದು ಸಣ್ಣ ಸಾಧನೆಯಲ್ಲ. ನೂರು ವರ್ಷಗಳ ಅವಮಾನವನ್ನು ಒಬ್ಬ ಮನುಷ್ಯ ತನ್ನ ಕಣ್ಣಿನ ಸೌಜನ್ಯದಿಂದ ಒರೆಸಲು ಯತ್ನಿಸಿದ್ದಾನೆ ಎಂದೇ ನಾನು ಭಾವಿಸುತ್ತೇನೆ.

ಆದರೂ ಆ ಪುಟಗಳನ್ನು ಎರಡನೆಯ ಸಲ, ಮೂರನೆಯ ಸಲ ತಿರುವಿಹಾಕುವಾಗ ಒಂದು ಕೊರತೆ ಕಾಣತೊಡಗುತ್ತದೆ. ಈ ಮಗುವಿನ ಹೆಸರೇನು? ಅದರ ತಂದೆಗೆ ದಿನಗೂಲಿ ಎಷ್ಟು? ಆ ಹೊಲ ಯಾರದು? ಅಂದಿನ ಪತ್ರಿಕಾ ಪದ್ಧತಿಯಲ್ಲಿ ಚಿತ್ರದ ಕೆಳಗೆ ಊರಿನ ಹೆಸರಿದ್ದರೆ ಸಾಕಾಗಿತ್ತು, ಒಮ್ಮೊಮ್ಮೆ ಅದೂ ಇರುತ್ತಿರಲಿಲ್ಲ. ಮಂತ್ರಿಯ ಪಟಕ್ಕೆ ಹೆಸರು ಬೇಕು, ಕೂಲಿಯವನ ಪಟಕ್ಕೆ ‘ಗ್ರಾಮೀಣ ದೃಶ್ಯ’ವೆಂಬ ಎರಡು ಪದ ಸಾಕು. ಸತ್ಯನ್ನರು ಈ ಪದ್ಧತಿಯನ್ನು ಮಾಡಿದವರಲ್ಲ, ಆದರೆ ಅದರ ಒಳಗೇ ಕೆಲಸ ಮಾಡಿದರು. ಅಲ್ಲದೆ, ಸ್ವತಂತ್ರ ಪತ್ರಕರ್ತನಿಗೆ ಒಡೆಯನಿಲ್ಲ ಎನ್ನುವುದು ಅರ್ಧ ಸತ್ಯ ಮಾತ್ರ. ಒಬ್ಬ ಒಡೆಯನ ಬದಲಿಗೆ ಹಲವರು ಇರುತ್ತಾರೆ. ಲಸಿಕೆ ಹಾಕಿಸುವ ಸಂಸ್ಥೆಗೆ ಬೇಕಾದದ್ದು ಲಸಿಕೆಯಿಂದ ಬದುಕುಳಿದ ಮಗುವಿನ ನಗೆ. ಆ ನಗೆ ಸುಳ್ಳೇನೂ ಅಲ್ಲ. 1977ರಲ್ಲಿ ಭಾರತ ಸಿಡುಬಿನಿಂದ ಮುಕ್ತವೆಂದು ಘೋಷಿಸಲ್ಪಟ್ಟಾಗ ಆ ನಗೆಗೆ ಪೂರ್ಣ ಹಕ್ಕಿತ್ತು. ಆದರೆ ಅದೇ ಮಗುವಿನ ಮನೆಯಲ್ಲಿ ಮುಂದಿನ ಬೇಸಿಗೆಗೆ ಜೋಳವಿತ್ತೇ ಎಂದು ಕೇಳಲು ಆ ಕೆಲಸ ಹಣ ಕೊಡಲಿಲ್ಲ. ಚಿತ್ರಗಳು ನ್ಯೂಯಾರ್ಕಿನ ಗೋಡೆಯ ಮೇಲೇರಿದವು. ಅವುಗಳೊಳಗಿನ ಮಕ್ಕಳು ತಮ್ಮ ತಮ್ಮ ಊರಿನಲ್ಲೇ ಉಳಿದರು.

ಇದನ್ನು ದೂರೆಂದು ಬರೆಯುತ್ತಿಲ್ಲ. ನಮ್ಮ ಕಡೆಯೂ ಒಮ್ಮೆ ನೋಡಿಕೊಳ್ಳೋಣ. ಸೇವಾಕಾರ್ಯದ ಹೆಸರಿನಲ್ಲಿ ಅಚ್ಚಾಗುವ ಎಷ್ಟೋ ಕರಪತ್ರಗಳಲ್ಲಿ, ನಾವೇ ಸಹಿ ಹಾಕಿ ಕಳುಹಿಸಿದ ಎಷ್ಟೋ ಮನವಿಗಳಲ್ಲಿ, ಹರಿದ ಅಂಗಿಯ ಒಂದು ಮಗು ಇರುತ್ತದೆ. ಅದರ ಹೆಸರು ನಮಗೆ ನೆನಪಿದೆಯೇ? ಆ ಕರಪತ್ರವನ್ನು ಅದರ ತಾಯಿಗೆ ತೋರಿಸಿದ್ದೇವೆಯೇ?

ಇಲ್ಲಿಯೇ ಎರಡನೆಯವರ ಕಥೆ ಮುಖ್ಯವಾಗುತ್ತದೆ. ಸಾಯಿನಾಥರು 1957ರಲ್ಲಿ ಮದರಾಸಿನಲ್ಲಿ ಹುಟ್ಟಿದವರು, ಮುಂಬಯಿಯ ‘ಬ್ಲಿಟ್ಜ್’ ವಾರಪತ್ರಿಕೆಯಲ್ಲಿ ಉಪಸಂಪಾದಕರ ಮಟ್ಟಕ್ಕೆ ಏರಿದವರು. 1993ರಲ್ಲಿ ಆ ಕುರ್ಚಿಯನ್ನು ಬಿಟ್ಟರು. ಒಂದು ಫೆಲೋಶಿಪ್ಪಿನ ಅಲ್ಪ ಹಣ ಹಿಡಿದು ದೇಶದ ಅತ್ಯಂತ ಬಡ ಜಿಲ್ಲೆಗಳಿಗೆ ಹೊರಟರು. ಸುಮಾರು ಒಂದು ಲಕ್ಷ ಕಿಲೋಮೀಟರಿನ ಆ ಸಂಚಾರದಲ್ಲಿ ಐದು ಸಾವಿರ ಕಿಲೋಮೀಟರು ನಡಿಗೆಯದು. ಅದರ ಫಲವಾದ ಪುಸ್ತಕ 1996ರಲ್ಲಿ ಬಂತು. ಜಿ. ಎನ್. ಮೋಹನ್ ಅವರು ಅದನ್ನು ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ಕನ್ನಡಕ್ಕೆ ತಂದರು. ಬರವೆಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲದ ಬಳ್ಳಾರಿಯ ವಾಚಕರು ಆ ತಲೆಬರಹವನ್ನು ಕಂಡು ಮೊದಲು ನಕ್ಕು ಆಮೇಲೆ ಸುಮ್ಮನಾಗುತ್ತಾರೆ. ಬರಪರಿಹಾರದ ಹಣ ಯಾವ ಯಾವ ಕೈಗಳನ್ನು ಹಾದು ಬರುತ್ತದೆ ಎಂಬುದು ನಮಗೆ ಗೊತ್ತಿರುವ ಸಂಗತಿಯೇ ತಾನೆ.

ಆದರೆ ಇಂದು ನನ್ನ ಮುಂದಿರುವುದು ಪುಸ್ತಕವಲ್ಲ. ಅದೇ ಸಂಚಾರದಲ್ಲಿ ಆರಂಭವಾಗಿ 1993ರಿಂದ 2002ರವರೆಗೆ ಹತ್ತು ರಾಜ್ಯಗಳಲ್ಲಿ ತೆಗೆದ ಪಟಗಳಿಂದ ಕಟ್ಟಿದ ಪ್ರದರ್ಶನ. ‘ಕಾಣುವ ಕೆಲಸ, ಕಾಣದ ಹೆಂಗಸರು’ ಎಂದು ಅದರ ಇಂಗ್ಲಿಷ್ ಹೆಸರನ್ನು ಕನ್ನಡದಲ್ಲಿ ಹೇಳಬಹುದು. ಇಟ್ಟಿಗೆ ಹೊರುವ, ಸೌದೆ ತರುವ, ಸಂತೆಗೆ ಹೋಗುವ, ಗುಡಿಸಿ ಬಳಿಯುವ, ನಾಟಿ ಮಾಡುವ ಹೆಂಗಸರು ಅಲ್ಲಿ ಸಾಲುಸಾಲಾಗಿ ಬರುತ್ತಾರೆ. ಒಂದು ಪಟವನ್ನು ಮಾತ್ರ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದು ನನ್ನ ಮನಸ್ಸಿನಿಂದ ಇಳಿಯುತ್ತಲೇ ಇಲ್ಲ. ಆಂಧ್ರದ ವಿಜಯನಗರಂ ಜಿಲ್ಲೆಯ ಒಂದು ಗದ್ದೆ. ಗದ್ದೆಯ ಯಜಮಾನ ಪಟಕ್ಕೆಂದು ಹೆಮ್ಮೆಯಿಂದ ನೆಟ್ಟಗೆ ನಿಂತಿದ್ದಾನೆ. ಅವನ ಹೊಲದಲ್ಲಿ ಒಂಬತ್ತು ಹೆಂಗಸರು ಸಾಲಾಗಿ, ನಡು ಎರಡಾಗಿ ಬಾಗಿ ದುಡಿಯುತ್ತಿದ್ದಾರೆ. ಜೊತೆಗಿರುವ ಬರಹ ಹೇಳುವುದಿಷ್ಟು: ದಿನಕ್ಕೆ ನಲವತ್ತು ರೂಪಾಯಿ ಕೊಡುತ್ತೇನೆಂದು ಯಜಮಾನ ಹೇಳಿದ, ತಮಗೆ ಸಿಗುವುದು ಇಪ್ಪತ್ತೈದು ಎಂದು ಹೆಂಗಸರು ಹೇಳಿದರು. ಅವರೆಲ್ಲ ಒಡಿಶಾದ ರಾಯಗಡದಿಂದ ಕೂಲಿ ಅರಸಿ ಬಂದ ಭೂಮಿಯಿಲ್ಲದವರು.

ವಾಚಕರೇ, ಈ ಪಟವನ್ನು ಕಲೆಯ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಸತ್ಯನ್ನರ ಬೆಳಕಿನ ಮಾಧುರ್ಯವಿಲ್ಲ. ಆದರೆ ಎರಡು ಬೆನ್ನುಗಳ ನಡುವಿನ ವ್ಯತ್ಯಾಸ, ಎರಡು ಅಂಕಿಗಳ ನಡುವಿನ ಹದಿನೈದು ರೂಪಾಯಿ, ಇವು ಒಂದಕ್ಕೊಂದು ಬೆಸೆದುಕೊಂಡಾಗ ನಾವು ಬರೀ ದೃಶ್ಯ ನೋಡುತ್ತಿಲ್ಲ, ಲೆಕ್ಕವೊಂದನ್ನು ಓದುತ್ತಿದ್ದೇವೆ ಎಂದು ತಿಳಿಯುತ್ತದೆ. ಬರಹವಿಲ್ಲದಿದ್ದರೆ ಅದೂ ಒಂದು ‘ಗ್ರಾಮೀಣ ದೃಶ್ಯ’ವಾಗಿಯೇ ಉಳಿಯುತ್ತಿತ್ತು. ಪತ್ರಕರ್ತನಾದವನು ಕಲಾಕೃತಿ ಕಟ್ಟಿದರೆ ಅದಕ್ಕೆ ಬರುವ ಬಲ ಇದು: ಅವನು ಯಜಮಾನನನ್ನೂ ಕೇಳಿದ್ದಾನೆ, ಕೂಲಿಯವರನ್ನೂ ಕೇಳಿದ್ದಾನೆ, ಎರಡು ಉತ್ತರಗಳನ್ನೂ ಬರೆದುಕೊಂಡಿದ್ದಾನೆ.

ಇನ್ನೂ ಹೆಚ್ಚಿನ ಮಾತು, ಆ ಪ್ರದರ್ಶನ ಎಲ್ಲಿ ನಡೆಯಿತು ಎಂಬುದು. ಕಲಾಶಾಲೆಗಳ ತಂಪು ಕೋಣೆಗಳನ್ನೇ ನೆಚ್ಚದೆ ಅದನ್ನು ಬಸ್ ನಿಲ್ದಾಣ, ರೈಲು ನಿಲ್ದಾಣ, ಕಾರ್ಖಾನೆಯ ಬಾಗಿಲು, ಕೃಷಿಕೂಲಿಗಳ ಸಮಾವೇಶ, ಹಳ್ಳಿಯ ಬಯಲುಗಳಿಗೆ ಒಯ್ಯಲಾಯಿತು. ಭಾರತದಲ್ಲಿಯೇ ಏಳು ಲಕ್ಷಕ್ಕೂ ಮಿಕ್ಕಿ ಜನ ನೋಡಿದ್ದಾರೆಂದು ಸಂಘಟಕರು ಹೇಳುತ್ತಾರೆ. ಸಂಖ್ಯೆ ಅಷ್ಟು ಮುಖ್ಯವಲ್ಲ. ಬಾಗಿ ದುಡಿಯುವ ಹೆಂಗಸೊಬ್ಬಳು ತನ್ನಂತೆಯೇ ಬಾಗಿರುವ ಇನ್ನೊಬ್ಬಳ ಪಟದ ಮುಂದೆ ನೆಟ್ಟಗೆ ನಿಂತು ನೋಡಿದಳಲ್ಲ, ಆ ಗಳಿಗೆಗೆ ನೂರ ಇಪ್ಪತ್ತು ವರ್ಷಗಳ ಹಿಂದಿನ ಹೂಪರ್‌ನ ಸಾಲಿನಿಂದ ಎಷ್ಟು ದೂರ ನಡೆದು ಬರಬೇಕಾಯಿತು ಎಂದು ಯೋಚಿಸಿ.

ಸಾಯಿನಾಥರಿಗೆ 2007ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು, ಅದನ್ನು ಸ್ವೀಕರಿಸಿದರು. 2009ರಲ್ಲಿ ಪದ್ಮಭೂಷಣ ಬಂದಾಗ ಒಲ್ಲೆನೆಂದರು. ಯಾವ ಸರಕಾರದ ಕೆಲಸವನ್ನು ತೂಗಿ ಬರೆಯುತ್ತೇವೆಯೋ ಅದರಿಂದಲೇ ಬಹುಮಾನ ಪಡೆಯಲಾಗದು ಎಂಬುದು ಅವರ ನಿಲುವು. ಹಾಗೆಂದು ಪದ್ಮಶ್ರೀ ಸ್ವೀಕರಿಸಿದ ಸತ್ಯನ್ನರನ್ನು ಕಿರಿಯರನ್ನಾಗಿ ಮಾಡಲು ನನಗೆ ಮನಸ್ಸಿಲ್ಲ. ಛಾಯಾಗ್ರಾಹಕನನ್ನು ಪತ್ರಕರ್ತನೆಂದೇ ಗಣಿಸದ ಕಾಲದಲ್ಲಿ ಆ ಗೌರವ ಒಂದು ಇಡೀ ಕಸುಬಿಗೆ ಸಂದದ್ದು.

ಸಾಯಿನಾಥರ ಕೃತಿಗೂ ಕೊರತೆಯಿದೆ, ಅದನ್ನೂ ಹೇಳಬೇಕು. ಅವರ ಚಿತ್ರಫಲಕಗಳಲ್ಲಿ ಬರಹವು ಪಟವನ್ನು ಉಸಿರಾಡಲು ಬಿಡುವುದಿಲ್ಲ. ನೋಡುವವನು ತಾನಾಗಿ ತಿಳಿಯುವ ಮೊದಲೇ ಏನು ತಿಳಿಯಬೇಕೆಂದು ಹೇಳಿಬಿಡುತ್ತದೆ. ಅಲ್ಲಿನ ಹೆಂಗಸರು ಸದಾ ದುಡಿಯುತ್ತಾರೆ. ಅವರು ಹಾಡುವುದು, ಜಗಳವಾಡುವುದು, ಹಬ್ಬಕ್ಕೆ ಬಳೆ ಇಡಿಸಿಕೊಳ್ಳುವುದು ಕಾಣುವುದು ಕಡಿಮೆ. ಹತ್ತಿ ಬಿಡಿಸುವ ಸಾಲಿನಲ್ಲಿ ನಿಂತವರಿಗೆ ಗೊತ್ತು, ಅಲ್ಲಿ ಬೆನ್ನುನೋವಿನ ಜೊತೆಗೇ ಎಂಥ ಹಾಸ್ಯ ಹರಿಯುತ್ತದೆಂದು! ಸತ್ಯನ್ನರಾಗಿದ್ದರೆ ಆ ನಗೆಯನ್ನು ಬಿಡುತ್ತಿರಲಿಲ್ಲ. ಕಾರಣವನ್ನು ಹುಡುಕುವ ಕಣ್ಣು ಒಮ್ಮೊಮ್ಮೆ ಮನುಷ್ಯನ ಸಂತೋಷವನ್ನು ಅಡ್ಡಿಯೆಂದು ಬಗೆದು ದಾಟಿಹೋಗುತ್ತದೆ.

ಪ್ರಾಯಶಃ ಈ ಕೊರತೆಯನ್ನು ಸಾಯಿನಾಥರೂ ಅರಿತಿದ್ದರೇನೋ. ಒಂದು ದಶಕ ‘ಹಿಂದೂ’ ಪತ್ರಿಕೆಯಲ್ಲಿ ಗ್ರಾಮೀಣ ವಿಷಯಗಳ ಸಂಪಾದಕರಾಗಿದ್ದು 2014ರಲ್ಲಿ ಹೊರಬಂದವರು ಅದೇ ವರ್ಷದ ಡಿಸೆಂಬರಿನಲ್ಲಿ ‘ಪರಿ’ ಎಂಬ ಗ್ರಾಮಭಾರತದ ದಾಖಲೆಗಾರವನ್ನು ಆರಂಭಿಸಿದರು. ಅಲ್ಲಿ ಜನರ ಮುಖಚಿತ್ರಗಳ ಒಂದು ಯೋಜನೆಯಿದೆ. ಪ್ರತಿ ಮುಖದೊಡನೆ ಕಸುಬು, ಊರು, ಜಿಲ್ಲೆಗಳ ವಿವರ ಸೇರುತ್ತದೆ. ಬೀಸುಕಲ್ಲಿನ ಪದಗಳ ಇನ್ನೊಂದು ಯೋಜನೆಯಿದೆ. ಪುಣೆಯಲ್ಲಿ ನೆಲೆಸಿದ್ದ ಗೀ ಪ್ವಾತೆವಾಂ ಮತ್ತು ಹೇಮಾ ರಾಯ್‌ರ್ಕರ್ ಅವರು ಮಹಾರಾಷ್ಟ್ರದ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಾಡುಗಳನ್ನು ಸಂಗ್ರಹಿಸಿದ್ದರು. ಹಾಡಿದವಳ ಹೆಸರು, ಅವಳ ಊರು ಹಾಡಿನೊಡನೆ ಉಳಿದಿವೆ. ಇವು ಒಬ್ಬನ ಕಣ್ಣಿನ ಕೃತಿಗಳಲ್ಲ. ಹಲವರು ಕೂಡಿ ಮಾಡಿದವು, ಆದ್ದರಿಂದ ಗುಣಮಟ್ಟ ಒಂದೇ ಸಮನಾಗಿಲ್ಲ. ಕೆಲವು ಬರಹಗಳು ಸಪ್ಪೆ. ಆದರೂ ‘ಗ್ರಾಮೀಣ ದೃಶ್ಯ’ದಿಂದ ಹೆಸರಿನವರೆಗಿನ ದಾರಿ ಅಲ್ಲಿ ಸವೆದಿದೆ. ನಮ್ಮ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಬೀಸುಕಲ್ಲುಗಳ ಮುಂದೆ ಕುಳಿತು ಹಾಡಿದವರ ಹೆಸರನ್ನು ನಾವು ಎಲ್ಲಿ ಬರೆದಿಟ್ಟಿದ್ದೇವೆ?

ಇದು ಬರಿಯ ಹಳೆಯ ನೆನಪಿನ ವಿಷಯವಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಗಣಿಗಾರಿಕೆಯ ಅಬ್ಬರ ನಡೆದಾಗ ನಮ್ಮ ಜಿಲ್ಲೆಗೆ ಕ್ಯಾಮರಾಗಳು ಸಾಲುಗಟ್ಟಿ ಬಂದವು. ಕೆಂಪು ಧೂಳು, ಲಾರಿಗಳ ಸಾಲು, ಅದಿರು ಒಡೆಯುವ ಹೆಂಗಸರು ಮತ್ತು ಮಕ್ಕಳು ದೇಶವಿದೇಶಗಳ ಪತ್ರಿಕೆಗಳಲ್ಲಿ ಕಾಣಿಸಿಕೊಂಡರು. 2011ರ ಲೋಕಾಯುಕ್ತ ವರದಿಯ ನಂತರ ಗಣಿಗಳು ನಿಂತಾಗ ಕ್ಯಾಮರಾಗಳೂ ಹೊರಟುಹೋದವು. ಆ ಪಟಗಳಲ್ಲಿ ಸುತ್ತಿಗೆ ಹಿಡಿದಿದ್ದ ಬಾಲಕ ಇಂದು ಮೂವತ್ತು ದಾಟಿದವನಾಗಿರಬೇಕು. ತನ್ನ ಮುಖ ಯಾವ ಪತ್ರಿಕೆಯಲ್ಲಿ ಬಂದಿತ್ತೆಂದು ಅವನಿಗೆ ಯಾರಾದರೂ ಹೇಳಿದ್ದಾರೆಯೇ? ಸಂಡೂರಿನ ಬಸ್ ನಿಲ್ದಾಣದಲ್ಲಿ ಆ ಪಟಗಳನ್ನು ತೂಗುಹಾಕಬೇಕೆಂದು ಹೊರಡುವ ಪತ್ರಕರ್ತನಿಗೆ ಊಟ, ಬಸ್ ಚಾರ್ಜು, ಚೌಕಟ್ಟಿನ ಖರ್ಚು ಕೊಡುವವರು ಯಾರು? ದೊಡ್ಡ ಪತ್ರಿಕೆಗಳು ಕೊಡಲಾರವು. ನಮ್ಮ ಕೇಂದ್ರಗಳ ಸಭಾಂಗಣಗಳು ಮಾತ್ರ ವರ್ಷದ ಬಹುದಿನ ಖಾಲಿ ಇರುತ್ತವೆ, ಗೋಡೆಗಳೂ ಖಾಲಿ ಇವೆ.

ಕೊಳಗಲ್ಲಿನ ಆ ಮನೆಗೆ ಮರಳಿ ಬರುತ್ತೇನೆ. ಗೋಡೆಯ ಮೇಲೆ ಏಳು ಪಟಗಳಿದ್ದವು. ಅಜ್ಜಿ ಒಂದರಲ್ಲಿದ್ದಳು. ಮಗನ ಮದುವೆಯ ಪಟದಲ್ಲಿ ಬಲಗಡೆಯ ತುದಿಗೆ ನಿಂತಿದ್ದಳು, ಅರ್ಧ ಮುಖ ಚೌಕಟ್ಟಿಗೆ ಕತ್ತರಿಸಿಹೋಗಿತ್ತು. ಹೊರಗಡೆ ಅಂಗಳದಲ್ಲಿ ಅವಳು ಮೆಣಸಿನಕಾಯಿ ಹರವಿ, ಬಾಗಿ ಕುಳಿತು ತೊಟ್ಟು ಬಿಡಿಸುತ್ತಿದ್ದಳು. ಇಳಿಬಿಸಿಲು ಅವಳ ಬೆನ್ನ ಮೇಲೆ ಬಿದ್ದಿತ್ತು. ಇವರಿಬ್ಬರ ಚಿತ್ರಗಳನ್ನು ತಲೆಯಲ್ಲಿ ತುಂಬಿಕೊಂಡು ಹೋಗಿದ್ದ ನಾನು, ಇದೇ ತಕ್ಕ ಗಳಿಗೆಯೆಂದು ಬಗೆದು, ಅವಳ ಮೊಮ್ಮಗನಿಗೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಲು ಹೇಳಿದೆ. ಹುಡುಗ ಮೊಬೈಲು ಎತ್ತಿದ. ಅಜ್ಜಿ ಕೈ ಅಡ್ಡ ಹಿಡಿದಳು.

“ತಡಿಯಪ್ಪಾ, ಈ ಸೀರ್ಯಾಗ ಬ್ಯಾಡ” ಎಂದು ಮಂಡಿ ಹಿಡಿದು ಮೇಲೆದ್ದು ಒಳಗೆ ಹೋದಳು.

ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿಸಿತು. ಹುಡುಗ ನನ್ನ ಮುಖ ನೋಡಿದ. ಇಳಿಬಿಸಿಲು ಅಂಗಳ ಬಿಟ್ಟು ಗೋಡೆ ಹತ್ತುತ್ತಿತ್ತು. ನಾವಿಬ್ಬರೂ ಮೆಣಸಿನಕಾಯಿಯ ರಾಶಿಯ ಪಕ್ಕದಲ್ಲಿ ಅವಳು ಹೊರಬರುವ ತನಕ ಕಾದು ನಿಂತೆವು.